ಸಿಸೇರಿಯನ್ ಮಗುವಿಗೆ ‘ಒಳ್ಳೆಯ ಬ್ಯಾಕ್ಟೀರಿಯಾ’ ಎಲ್ಲಿಂದ ಬರುತ್ತದೆ? ಐದು ತಿಂಗಳ ಗರ್ಭಿಣಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಾನು ದಾವಣಗೆರೆಯವಳು. ಈಗ ಐದು ತಿಂಗಳ ಗರ್ಭಿಣಿ, ಇದು ಎರಡನೆಯದು. ಮೊದಲ ಮಗಳು ಸಿಸೇರಿಯನ್‌ನಲ್ಲಿ ಹುಟ್ಟಿದಳು, ಅವಳಿಗೀಗ ಮೂರು ವರ್ಷ. ಅಂಗನವಾಡಿಗೆ ಹಾಕಿದಾಗಿನಿಂದ ಪದೇ ಪದೇ ನೆಗಡಿ, ಕೆಮ್ಮು. ಸಿಸೇರಿಯನ್ ಮಕ್ಕಳ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುವುದಿಲ್ಲ, ಅದಕ್ಕೇ ಹೀಗಾಗುತ್ತದೆ ಎಂದು ಒಂದು ವಿಡಿಯೊದಲ್ಲಿ ಹೇಳಿದರು. ಈ ಸಲವೂ ಸಿಸೇರಿಯನ್ ಆಗಬಹುದಂತೆ. ಹುಟ್ಟಿದ ಕೂಡಲೇ ಮಗುವಿಗೆ ತಾಯಿಯ ಯೋನಿಸ್ರಾವ ಸವರಿಸಬೇಕಾ? ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೊಬಯಾಟಿಕ್ ಡ್ರಾಪ್ಸ್ ತಂದಿಟ್ಟುಕೊಳ್ಳಲಾ? ಅತ್ತೆ ಜೇನುತುಪ್ಪ ನೆಕ್ಕಿಸಿದರೆ ಸಾಕು ಅಂತಾರೆ. ಇನ್ನೊಂದು ವಿಷಯ. ಮೂತ್ರ ಪರೀಕ್ಷೆಯಲ್ಲಿ ಸೋಂಕಿದೆ ಎಂದು ಆ್ಯಂಟಿಬಯಾಟಿಕ್ ಬರೆದಿದ್ದಾರೆ. ನನಗೆ ಉರಿ, ನೋವು ಏನೂ ಇಲ್ಲ. ಮಗುವಿಗೆ ತೊಂದರೆ ಆದೀತೆಂದು ಮಾತ್ರೆ ಮುಟ್ಟಿಲ್ಲ.

ಉತ್ತರ: ನೀವು ಕೊನೆಗೆ ಹೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಅದು ಕಾಯುವ ವಿಷಯವಲ್ಲ. ಆ ಮಾತ್ರೆಯನ್ನು ಇವತ್ತೇ ಶುರು ಮಾಡಿ. ಇಷ್ಟು ದಿನ ತೆಗೆದುಕೊಂಡಿಲ್ಲ ಎಂಬುದನ್ನು ನಿಮ್ಮ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಹಿಂದೆ ಯಾವುದಾದರೂ ಔಷಧಿ ಅಲರ್ಜಿ ಆಗಿದ್ದರೆ ಅದನ್ನೂ ಹೇಳಿ. ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಉರಿ ಇಲ್ಲ, ನೋವಿಲ್ಲ, ಮತ್ಯಾಕೆ ಮಾತ್ರೆ ಅನಿಸುವುದು ಸಹಜ. ಗರ್ಭಿಣಿಯಲ್ಲದ ಆರೋಗ್ಯವಂತ ಹೆಂಗಸಿಗೆ ಹೀಗೆ ಲಕ್ಷಣವಿಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ನಾವೂ ಸಾಮಾನ್ಯವಾಗಿ ಔಷಧಿ ಕೊಡುವುದಿಲ್ಲ. ಗರ್ಭಿಣಿಯರ ಲೆಕ್ಕವೇ ಬೇರೆ. ಆಗ ಹಾರ್ಮೋನುಗಳಿಂದ ಮೂತ್ರನಾಳ ಸಡಿಲವಾಗುತ್ತದೆ. ಬೆಳೆಯುತ್ತಿರುವ ಗರ್ಭಕೋಶ ಅದನ್ನು ಒತ್ತುತ್ತದೆ. ಮೂತ್ರ ಸರಾಗವಾಗಿ ಇಳಿಯದೆ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಮೇಲಕ್ಕೆ ಹತ್ತಿ ಕಿಡ್ನಿ ಸೇರುತ್ತದೆ. ಹಾಗೇ ಬಿಟ್ಟರೆ ನಾಲ್ಕೈದು ಜನರಲ್ಲಿ ಒಬ್ಬರಿಗಾದರೂ ಕಿಡ್ನಿ ಸೋಂಕು ಆಗುತ್ತದೆ. ಆಮೇಲೆ ಅಡ್ಮಿಟ್, ಡ್ರಿಪ್, ಅವಧಿಗೆ ಮೊದಲೇ ಹೆರಿಗೆಯಾಗುವ ಭಯ. ನಿಮ್ಮ ಮಗುವಿಗೆ ಜಾಸ್ತಿ ಅಪಾಯ ಇರುವುದು ಆ ಸೋಂಕಿನಿಂದ, ಮಾತ್ರೆಯಿಂದಲ್ಲ. ಕೋರ್ಸ್ ಪೂರ್ತಿ ಮುಗಿಸಿ. ಮತ್ತೊಮ್ಮೆ ಯೂರಿನ್ ಕಲ್ಚರ್ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ಯಾವಾಗ ಮಾಡಿಸಬೇಕೆಂದು ಕೇಳಿಕೊಳ್ಳಿ.

ಮಗುವಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತುಹೋದರೆ ಎಂಬುದು ನಿಮ್ಮ ನಿಜವಾದ ಹೆದರಿಕೆ. ಹೊಟ್ಟೆಯೊಳಗಿನ ಮಗುವಿನ ಕರುಳಿಗೆ ಅವು ಇನ್ನೂ ಬಂದೇ ಇಲ್ಲ. ಮಾಸಿನಲ್ಲೇ ಬ್ಯಾಕ್ಟೀರಿಯಾಗಳ ಒಂದು ಬಳಗ ಇದೆ ಎಂದು ಕೆಲವು ವರ್ಷಗಳ ಹಿಂದೆ ದೊಡ್ಡ ಸುದ್ದಿಯಾಗಿತ್ತು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ತಂಡ 537 ಹೆರಿಗೆಗಳ ಮಾಸು ಪರೀಕ್ಷಿಸಿ 2019ರಲ್ಲಿ ಅದು ಸರಿಯಲ್ಲ ಎಂದು ತೋರಿಸಿತು. ಹಿಂದಿನವರಿಗೆ ಕಂಡಿದ್ದರಲ್ಲಿ ಬಹುಪಾಲು ಹೆರಿಗೆ ಹೊತ್ತಿನಲ್ಲಿ ಅಂಟಿಕೊಂಡದ್ದು, ಇಲ್ಲವೇ ಲ್ಯಾಬಿನ ರಾಸಾಯನಿಕಗಳ ಜೊತೆ ಬಂದದ್ದು. ನಿಜವಾಗಿ ಸಿಕ್ಕಿದ್ದು ಬಿ ಗುಂಪಿನ ಸ್ಟ್ರೆಪ್ಟೋಕಾಕಸ್ ಒಂದೇ, ಅದೂ ಸುಮಾರು 5% ಮಾಸುಗಳಲ್ಲಿ. ಅದು ಮಗುವಿಗೆ ಕಾಯಿಲೆ ತರುವಂಥದ್ದು. ಅದರ ಮಾತು ಮುಂದೆ ಬರುತ್ತದೆ.

ನಿಮ್ಮ ಕರುಳಿನ ಬ್ಯಾಕ್ಟೀರಿಯಾಗಳಿಗೆ ಈ ಮಾತ್ರೆಯಿಂದ ಸ್ವಲ್ಪ ಏಟು ಬೀಳುವುದು ನಿಜ. ಆದರೆ ಹೆರಿಗೆಗೆ ಇನ್ನೂ ನಾಲ್ಕು ತಿಂಗಳಿದೆ. ಅಷ್ಟರೊಳಗೆ ಅವು ಬಹುಮಟ್ಟಿಗೆ ಮೊದಲಿನಂತಾಗುತ್ತವೆ. ‘ಬಸುರಿಯಲ್ಲಿ ಆ್ಯಂಟಿಬಯಾಟಿಕ್ ತಗೊಂಡರೆ ಮಗುವಿಗೆ ಅಸ್ತಮಾ’ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಸ್ವೀಡನ್‌ನಲ್ಲಿ ಇಡೀ ದೇಶದ ದಾಖಲೆಗಳನ್ನು ಜಾಲಾಡಿ ಇದನ್ನು ನೋಡಿದರು, 2014ರಲ್ಲಿ ಫಲಿತಾಂಶ ಬಂತು. ಮೇಲ್ನೋಟಕ್ಕೆ ಸಂಬಂಧ ಇದ್ದಂತೆ ಕಂಡಿತು. ಆಮೇಲೆ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದರು. ಒಂದು ಮಗು ಹೊಟ್ಟೆಯಲ್ಲಿದ್ದಾಗ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದರು, ಇನ್ನೊಂದರ ಸಲ ಇಲ್ಲ. ಹೀಗೆ ನೋಡಿದಾಗ ಆ ಸಂಬಂಧ ಮಾಯವಾಯಿತು. ಅಂದರೆ ವ್ಯತ್ಯಾಸ ಮಾತ್ರೆಯದಲ್ಲ. ಆ ಮನೆಯದು, ಆ ರಕ್ತದ್ದು. ಈ ಹೋಲಿಕೆ ನನಗೆ ತುಂಬ ಮುಖ್ಯ ಅನಿಸುತ್ತದೆ. ಹೆದರಿಸುವ ವಿಡಿಯೊಗಳು ಮೊದಲ ಭಾಗವನ್ನು ಮಾತ್ರ ಹೇಳಿ ನಿಲ್ಲಿಸುತ್ತವೆ.

ಈಗ ಸಿಸೇರಿಯನ್. ಇದು ನಿಮ್ಮೊಬ್ಬರ ಚಿಂತೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 21.5% ಹೆರಿಗೆಗಳು ಸಿಸೇರಿಯನ್. ಕರ್ನಾಟಕದಲ್ಲಿ ಅದು 31.5%, ಹೆಚ್ಚುಕಡಿಮೆ ಮೂರರಲ್ಲಿ ಒಂದು. ಈ ಎಲ್ಲ ತಾಯಂದಿರೂ ‘ನನ್ನ ಮಗುವಿಗೆ ಏನೋ ಕಡಿಮೆಯಾಯಿತು’ ಎಂಬ ಅಳುಕಿನಲ್ಲಿ ಬದುಕುವುದು ಸರಿಯಲ್ಲ.

ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ 596 ಮಕ್ಕಳ ಮಲದ ಸ್ಯಾಂಪಲ್‌ಗಳನ್ನು ಹುಟ್ಟಿದ ಮೊದಲ ವಾರಗಳಲ್ಲಿ ಸಂಗ್ರಹಿಸಿದರು. ಕೆಲವರದನ್ನು ತಿಂಗಳುಗಳ ನಂತರವೂ ನೋಡಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಿಸೇರಿಯನ್ ಮಕ್ಕಳಲ್ಲಿ ಬ್ಯಾಕ್ಟೀರಾಯ್ಡಿಸ್ ಎಂಬ ಗುಂಪು ಬಹಳ ಕಡಿಮೆ ಇತ್ತು. ಆ ಜಾಗದಲ್ಲಿ ಎಂಟರೋಕಾಕಸ್, ಕ್ಲೆಬ್ಸಿಯೆಲ್ಲಾದಂಥ ಆಸ್ಪತ್ರೆಯ ವಾತಾವರಣದಲ್ಲಿ ಸಿಗುವ ಬ್ಯಾಕ್ಟೀರಿಯಾಗಳು ಕೂತಿದ್ದವು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ, ಮೊದಲು ಬಂದವು ಜಾಗ ಹಿಡಿಯುತ್ತವೆ. ಆದರೆ ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ ಎರಡೂ ಬಗೆಯ ಮಕ್ಕಳ ನಡುವಿನ ವ್ಯತ್ಯಾಸ ಬಹುತೇಕ ಅಳಿಸಿಹೋಗಿತ್ತು. ಬ್ಯಾಕ್ಟೀರಾಯ್ಡಿಸ್‌ನ ಕೊರತೆ ಮಾತ್ರ ಕೆಲವರಲ್ಲಿ ಉಳಿದಿತ್ತು.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಂತು. ಸಹಜ ಹೆರಿಗೆಯ ಮಗುವಿಗೆ ತಾಯಿಯಿಂದ ಬಂದು ನೆಲೆ ನಿಂತ ಬ್ಯಾಕ್ಟೀರಿಯಾಗಳ ಮೂಲ ತಾಯಿಯ ಯೋನಿಯಲ್ಲ, ತಾಯಿಯ ಕರುಳು. ನೀವು ಕೇಳಿದ ‘ಸವರುವ’ ಉಪಾಯದ ಬುಡವನ್ನೇ ಇದು ಅಲ್ಲಾಡಿಸುತ್ತದೆ.

ಆ ಉಪಾಯ ಹುಟ್ಟಿದ್ದು ಹೀಗೆ. 2010ರಲ್ಲಿ ಮರಿಯಾ ಗ್ಲೋರಿಯಾ ಡೊಮಿಂಗೆಸ್ ಬೆಲ್ಲೊ ಎಂಬ ವಿಜ್ಞಾನಿಯ ತಂಡ ವೆನೆಜುವೆಲಾದ ಒಂದು ಊರಿನಲ್ಲಿ ಒಂಬತ್ತು ತಾಯಂದಿರು, ಹತ್ತು ಶಿಶುಗಳನ್ನು ಪರೀಕ್ಷಿಸಿತು. ಸಹಜವಾಗಿ ಹುಟ್ಟಿದ ಶಿಶುಗಳ ಮೈಮೇಲೆ ತಾಯಿಯ ಯೋನಿಯ ಬ್ಯಾಕ್ಟೀರಿಯಾ, ಸಿಸೇರಿಯನ್ ಶಿಶುಗಳ ಮೈಮೇಲೆ ಚರ್ಮದ ಬ್ಯಾಕ್ಟೀರಿಯಾ ಸಿಕ್ಕಿತು. 2016ರಲ್ಲಿ ಅದೇ ವಿಜ್ಞಾನಿ ನಾಲ್ಕು ಸಿಸೇರಿಯನ್ ಶಿಶುಗಳಿಗೆ ತಾಯಿಯ ಸ್ರಾವದಲ್ಲಿ ನೆನೆದ ಬಟ್ಟೆಯಿಂದ ಒರೆಸಿ ನೋಡಿದರು. ಬ್ಯಾಕ್ಟೀರಿಯಾ ಸ್ವಲ್ಪ ಮಟ್ಟಿಗೆ ಬದಲಾಯಿತು. ಮಕ್ಕಳ ಆರೋಗ್ಯಕ್ಕೆ ಲಾಭವಾಯಿತೇ ಎಂಬುದನ್ನು ನಾಲ್ಕು ಮಕ್ಕಳಲ್ಲಿ ನೋಡಲಾಗುವುದಿಲ್ಲ, ಅಲ್ವಾ? ಲೋಕವೆಲ್ಲ ಸುದ್ದಿಯಾದದ್ದು ಈ ಚಿಕ್ಕ ಪ್ರಯೋಗ.

ನಿಮಗೆ ನನ್ನ ಉತ್ತರ: ಮಾಡಿಸಬೇಡಿ. ಮೇಲೆ ಹೇಳಿದ ಬಿ ಗುಂಪಿನ ಸ್ಟ್ರೆಪ್ಟೋಕಾಕಸ್ ಎಷ್ಟೋ ತಾಯಂದಿರ ಯೋನಿಯಲ್ಲಿ ಸುಮ್ನೆ ಇರುತ್ತದೆ. ತಾಯಿಗೆ ಗೊತ್ತೂ ಆಗುವುದಿಲ್ಲ. ಶಿಶುವಿಗೆ ಅಂಟಿದರೆ ರಕ್ತದಲ್ಲಿ ನಂಜು, ಮೆದುಳು ಜ್ವರ ಬರಬಹುದು. ಹರ್ಪಿಸ್, ಕ್ಲಮೀಡಿಯಾ ಎಂಬ ಲೈಂಗಿಕ ಸೋಂಕುಗಳು ಕೂಡ ಹಾಗೇ ದಾಟುತ್ತವೆ. ಅಮೆರಿಕದ ಹೆರಿಗೆ ತಜ್ಞರ ಸಂಘವೂ 2017ರಲ್ಲಿ ಸಂಶೋಧನೆಯ ಹೊರಗೆ ಇದನ್ನು ಮಾಡಬೇಡಿ ಎಂದೇ ಹೇಳಿತು. ಇನ್ನೂ ಮುಂದೆ ಹೋಗಿ ಫಿನ್ಲೆಂಡ್‌ನಲ್ಲಿ ತಾಯಿಯ ಮಲದ ಅತಿ ಸಣ್ಣ ಪ್ರಮಾಣವನ್ನು ಹಾಲಿನಲ್ಲಿ ಬೆರೆಸಿ ಸಿಸೇರಿಯನ್ ಶಿಶುಗಳಿಗೆ ಕೊಟ್ಟು ನೋಡಿದ್ದಾರೆ, 2020ರ ಪ್ರಕಟಣೆ ಅದು. ಸೋಂಕಿನ ತಪಾಸಣೆ ಎಷ್ಟು ಬಿಗಿಯಾಗಿತ್ತೆಂದರೆ ಮುಂದೆ ಬಂದ 17 ತಾಯಂದಿರಲ್ಲಿ ಕೊನೆಗೆ ಉಳಿದವರು ಏಳೇ ಜನ. ಅದೂ ಎಲ್ಲರೂ ಆರೋಗ್ಯವಂತರೇ. ಮನೆಯಲ್ಲಿ ಯಾರೂ ಕನಸಿನಲ್ಲೂ ಮಾಡಬಾರದ ಕೆಲಸ ಇದು.

ಹಾಗಾದರೆ ಸಿಸೇರಿಯನ್ ಹೊತ್ತಿನಲ್ಲಿ ಕೊಡುವ ಆ್ಯಂಟಿಬಯಾಟಿಕ್ ಬೇಡ ಅನ್ನಬಹುದಾ ಎಂದು ಕೆಲವರು ಕೇಳುತ್ತಾರೆ. ಅನ್ನಬೇಡಿ. ಆ ಒಂದು ಇಂಜೆಕ್ಷನ್‌ನಿಂದ ಹೊಲಿಗೆಯ ಸೋಂಕು, ಗರ್ಭಕೋಶದ ಸೋಂಕು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ಬಾಣಂತಿ ನಂಜಿನಿಂದ ಮಲಗಿದರೆ ಮಗುವಿಗೆ ಹಾಲೂ ಇಲ್ಲ.

ಇಲ್ಲಿ ನಮ್ಮ ಬೆಳಗಾವಿಯ ಮಾತು ಹೇಳಲೇಬೇಕು. ಸಹಜ ಹೆರಿಗೆಗೆ ಬಂದವರಿಗೂ ಹೆರಿಗೆ ನೋವಿನ ಹೊತ್ತಿನಲ್ಲಿ 2 ಗ್ರಾಂ ಅಜಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಒಂದೇ ಒಂದು ಸಲ ಕೊಟ್ಟರೆ ಏನಾಗುತ್ತದೆ ಎಂದು ಏಳು ದೇಶಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. ಭಾರತದಲ್ಲಿ ಅದು ನಡೆದದ್ದು ಬೆಳಗಾವಿ ಮತ್ತು ನಾಗಪುರದಲ್ಲಿ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ತಂಡ ಅದರಲ್ಲಿತ್ತು. ಒಟ್ಟು 29,278 ತಾಯಂದಿರು ಪಾಲ್ಗೊಂಡರು. 2023ರಲ್ಲಿ ಫಲಿತಾಂಶ ಬಂತು. ಔಷಧಿಯಿಲ್ಲದ ಡಮ್ಮಿ ಮಾತ್ರೆ ಪಡೆದವರಲ್ಲಿ 2.4% ತಾಯಂದಿರಿಗೆ ನಂಜು ಅಥವಾ ಸಾವು, ಅಜಿಥ್ರೋಮೈಸಿನ್ ಪಡೆದವರಲ್ಲಿ 1.6%. ಮೂರರಲ್ಲಿ ಒಂದು ಪಾಲು ಕಡಿಮೆ. ಲಾಭ ಸ್ಪಷ್ಟವಾಗಿ ಕಂಡಿದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಶಿಶುಗಳ ಕಥೆ ಬೇರೆಯಾಯಿತು. ಶಿಶುವಿನ ನಂಜು, ಸಾವುಗಳನ್ನು ಒಟ್ಟು ಸೇರಿಸಿ ನೋಡಿದರೆ ಒಂದು ಗುಂಪಿನಲ್ಲಿ 10.5%, ಇನ್ನೊಂದರಲ್ಲಿ 10.3%. ಏನೂ ವ್ಯತ್ಯಾಸವಿಲ್ಲ. ತಾಯಿಯ ನಂಜನ್ನು ತಡೆದ ಔಷಧಿ ಮಗುವಿನದನ್ನು ತಡೆಯಲಿಲ್ಲ. ಈ ಎರಡು ಸಾಲು ನನ್ನ ಮನಸ್ಸಿನಲ್ಲಿ ಯಾವಾಗಲೂ ಇರುತ್ತವೆ. ಹಾಗಾದರೆ ಮಗುವಿನದನ್ನು ತಡೆಯಲು ಬೇರೆ ದಾರಿ ಇದೆಯಾ?

ಇದೆ ಎಂದು ಹೇಳಿದ್ದು ಒಡಿಶಾ. ಒಡಿಶಾ ಮೂಲದ, ಅಮೆರಿಕದಲ್ಲಿ ಕೆಲಸ ಮಾಡುವ ಮಕ್ಕಳ ವೈದ್ಯ ಪಿನಾಕಿ ಪಾಣಿಗ್ರಾಹಿ ಮತ್ತು ಅವರ ತಂಡ ಹಲವು ವರ್ಷ ಬೇರೆ ಬೇರೆ ಬ್ಯಾಕ್ಟೀರಿಯಾ ತಳಿಗಳನ್ನು ಪರೀಕ್ಷಿಸಿತು. ಕುಡಿಸಿದ್ದು ಕುಡಿಸಿದ ಹಾಗೇ ಹೊರಗೆ ಹೋಗಬಾರದು, ಮಗುವಿನ ಕರುಳಿಗೆ ಅಂಟಿಕೊಂಡು ಉಳಿಯಬೇಕು. ಕೊನೆಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿ ಆರಿಸಿದರು. ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯನ್ನೂ ಜೊತೆಗೆ ಸೇರಿಸಿದರು. 149 ಹಳ್ಳಿಗಳಲ್ಲಿ 4,556 ಶಿಶುಗಳು. ಅರ್ಧದಷ್ಟು ಮಕ್ಕಳಿಗೆ ದಿನಕ್ಕೊಂದು ಸಲ, ಏಳು ದಿನ ಇದನ್ನು ಕುಡಿಸಿದರು. ಉಳಿದ ಅರ್ಧಕ್ಕೆ ಡಮ್ಮಿ. ನಂತರ ಎರಡು ತಿಂಗಳವರೆಗೆ ಕಣ್ಣಿಟ್ಟರು. ನಂಜು ಅಥವಾ ಸಾವು ಡಮ್ಮಿ ಗುಂಪಿನಲ್ಲಿ 9%, ಈ ಗುಂಪಿನಲ್ಲಿ 5.4%. ಶ್ವಾಸಕೋಶದ ಸೋಂಕು ಕೂಡ ಕಡಿಮೆಯಾಗಿತ್ತು. 2017ರಲ್ಲಿ ಇದು ಪ್ರಕಟವಾದಾಗ ಶಿಶುಗಳ ನಂಜಿನ ಜೊತೆ ಹೋರಾಡುವವರಿಗೆ ಎಷ್ಟು ಸಂತೋಷವಾಗಿತ್ತೆಂದು ಹೇಳಲಾರೆ. ಏಳು ದಿನ, ಬಾಯಿಯಿಂದ ಕೊಡುವಂಥದ್ದು, ಹಳ್ಳಿ ಮನೆಯಲ್ಲೇ ಕೊಡಬಹುದಾದದ್ದು.

ಆದರೆ ಆ ಪ್ರಯೋಗಕ್ಕೆ ಯಾರನ್ನು ಸೇರಿಸಿಕೊಂಡರು ಎಂಬುದನ್ನು ನೋಡಿ. ಕನಿಷ್ಠ 2 ಕಿಲೊ ತೂಕ, ಗರ್ಭದಲ್ಲಿ ಕನಿಷ್ಠ 35 ವಾರ ತುಂಬಿ ಹುಟ್ಟಿದ, ಸೋಂಕಿನ ಲಕ್ಷಣವಿಲ್ಲದ, ಎದೆಹಾಲು ಕುಡಿಯಲು ಶುರು ಮಾಡಿದ ಶಿಶುಗಳು. ಎದೆಹಾಲಿನ ಬದಲು ಕೊಟ್ಟದ್ದಲ್ಲ, ಎದೆಹಾಲಿನ ಜೊತೆಗೆ ಕೊಟ್ಟದ್ದು. ನಿಮ್ಮ ಮೆಡಿಕಲ್ ಶಾಪಿನ ಡ್ರಾಪ್ಸ್ ಬಾಟಲಿಯ ಮೇಲೆ ‘ಪ್ರೊಬಯಾಟಿಕ್’ ಎಂದು ಬರೆದಿದ್ದರೆ ಅದು ಒಡಿಶಾದಲ್ಲಿ ಕೊಟ್ಟದ್ದೇ ಆಗಬೇಕಿಲ್ಲ. ಒಮ್ಮೆ ಆ ಬಾಟಲಿಯ ಹಿಂಭಾಗ ಓದಿ. ಬ್ಯಾಕ್ಟೀರಿಯಾದ ಹೆಸರಿನ ಮುಂದೆ ಅಕ್ಷರ, ಅಂಕಿಗಳಲ್ಲಿ ತಳಿಯ ಗುರುತು ಇರಬೇಕು. ಎಷ್ಟೋ ಡಬ್ಬಿಗಳಲ್ಲಿ ಅದೇ ಇರುವುದಿಲ್ಲ. ಒಂದು ತಳಿಯ ಗುಣ ಇನ್ನೊಂದಕ್ಕೆ ಬರುವುದಿಲ್ಲ, ಎರಡರ ಹೆಸರೂ ಲ್ಯಾಕ್ಟೋಬ್ಯಾಸಿಲಸ್ ಆಗಿದ್ದರೂ ಸರಿ.

ಅವಧಿಗೆ ಮೊದಲು ಹುಟ್ಟಿದ ಶಿಶುಗಳ ವಿಷಯದಲ್ಲಂತೂ ತುಂಬಾ ಎಚ್ಚರ ಬೇಕು. 2023ರಲ್ಲಿ ಅಮೆರಿಕದಲ್ಲಿ ಹಾಗೆ ಹುಟ್ಟಿದ ಒಂದು ಮಗು, ಆಸ್ಪತ್ರೆಯಲ್ಲಿ ಪ್ರೊಬಯಾಟಿಕ್ ಕೊಟ್ಟ ನಂತರ, ಅದೇ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ತೀರಿಕೊಂಡಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಲ್ಲ ವೈದ್ಯರಿಗೂ ಎಚ್ಚರಿಕೆ ಕಳಿಸಿತು. ಹಾಗಾಗಿ ನೀವು ಮುಂಚಿತವಾಗಿ ಡ್ರಾಪ್ಸ್ ತಂದಿಟ್ಟುಕೊಳ್ಳಬೇಡಿ. ಮಗುವಿನ ತೂಕ, ತಿಂಗಳು, ಸ್ಥಿತಿ ನೋಡಿ ಮಕ್ಕಳ ಡಾಕ್ಟರ್ ಬೇಕೆಂದರೆ ಆಗ ಕೊಡಿ.

ನಿಮ್ಮ ಕೈಯಲ್ಲೇ ಇರುವುದು ಎದೆಹಾಲು. ಬುದ್ಧಿಮಾತು ಎಂದು ದಾಟಿ ಹೋಗಬೇಡಿ, ಅದರೊಳಗೆ ನಡೆಯುವುದನ್ನು ನೋಡಿದರೆ ಬೆರಗಾಗುತ್ತದೆ. ಎದೆಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಮೂರನೇ ಸ್ಥಾನ ಒಂದು ವಿಶೇಷ ಸಕ್ಕರೆ ಗುಂಪಿಗೆ. ಅದರಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಮಗು ಅದನ್ನು ಜೀರ್ಣಿಸಿಕೊಳ್ಳಲಾರದು. ಅದು ಮಗುವಿಗಾಗಿ ಇರುವುದೂ ಅಲ್ಲ. ಬೈಫಿಡೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾಗಳಿಗೆ ಅದು ಊಟ. ಅವು ಅದನ್ನು ತಿಂದು ಆಮ್ಲ ಬಿಡುತ್ತವೆ. ಆ ಹುಳಿಯಲ್ಲಿ ಕ್ಲೆಬ್ಸಿಯೆಲ್ಲಾದಂಥವು ಚೆನ್ನಾಗಿ ಬೆಳೆಯಲಾರವು. ತಾಯಿಯ ದೇಹ ಮಗುವಿಗೂ ಮಗುವಿನ ಬ್ಯಾಕ್ಟೀರಿಯಾಗೂ ಒಟ್ಟಿಗೆ ಅಡುಗೆ ಮಾಡುತ್ತದೆ. ಸಿಸೇರಿಯನ್ ಆದರೂ ಈ ಅಡುಗೆ ನಿಲ್ಲುವುದಿಲ್ಲ.

ಸಿಸೇರಿಯನ್ ಆದಾಗ ಹಾಲು ಶುರುವಾಗುವುದು ತಡವಾಗುತ್ತದೆ, ಅಷ್ಟೇ. ಆ ತಡವೇ ಮನೆಯವರ ಕೈಗೆ ಜೇನು, ಸಕ್ಕರೆ ನೀರು ಕೊಡುತ್ತದೆ. ಅದನ್ನು ತಪ್ಪಿಸಲು ಈಗಲೇ ಮಾತಾಡಿಟ್ಟುಕೊಳ್ಳಿ. ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರೆ ನೀವು ಎಚ್ಚರವಾಗಿಯೇ ಇರುತ್ತೀರಿ. ಹೊಲಿಗೆ ಹಾಕುತ್ತಿರುವಾಗಲೇ ಮಗುವನ್ನು ಒರೆಸಿ, ನಿಮ್ಮ ಎದೆಯ ಮೇಲೆ ಅಡ್ಡಲಾಗಿ ಮಲಗಿಸಿ, ಮೇಲೊಂದು ಬೆಚ್ಚನೆ ಬಟ್ಟೆ ಹೊದಿಸಬಹುದು. ಮಗುವೂ ನೀವೂ ಆರಾಮಾಗಿದ್ದರೆ ಹೀಗೆ ಮಾಡುತ್ತೀರಾ ಎಂದು ಹೆರಿಗೆ ಡಾಕ್ಟರನ್ನು ಕೇಳಿ. ವಾರ್ಡಿಗೆ ಬಂದ ಮೇಲೆ ಎದ್ದು ಕೂರಲು ಆಗದಿದ್ದರೆ ಪಕ್ಕಕ್ಕೆ ತಿರುಗಿ ಮಲಗಿ ಕುಡಿಸಿ. ಮಗು ಚೀಪದಿದ್ದರೆ ಸಿಸ್ಟರ್ ಸಹಾಯದಿಂದ ಹಾಲನ್ನು ಕೈಯಿಂದಲೇ ಹಿಂಡಿ. ಮೊದಲ ದಿನ ಒಂದು ಟೀ ಚಮಚದಷ್ಟು ಬಂದರೂ ಸಾಲದು ಎಂದು ಹೆದರಬೇಡಿ, ಮಗುವಿನ ಹೊಟ್ಟೆಯೂ ಅಷ್ಟೇ ಚಿಕ್ಕದು. ಕುದಿಸಿ ತಣಿಸಿದ ಒಳಲೆಯಲ್ಲಿ ಆ ಹಳದಿ ಹಾಲನ್ನು ಸ್ವಲ್ಪಸ್ವಲ್ಪವೇ ಕುಡಿಸಬಹುದು.

ಅತ್ತೆಯವರಿಗೆ ನನ್ನ ಹೆಸರಿನಲ್ಲೇ ಹೇಳಿ. ಜೇನುತುಪ್ಪವನ್ನು ಒಂದು ವರ್ಷ ತುಂಬುವವರೆಗೆ ನೆಕ್ಕಿಸುವ ಹಾಗೂ ಇಲ್ಲ. ಅದರಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ನಮಗೆ ಏನೂ ಮಾಡದವು ಶಿಶುವಿನ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತವೆ, ಮೈ ಜೋತು ಬೀಳುತ್ತದೆ. ಬೀದಿಯಲ್ಲಿ ಮಾರಿಕೊಂಡು ಬರುವ ಕತ್ತೆ ಹಾಲು, ತೇಯ್ದ ಬಜೆ, ಹರಳೆಣ್ಣೆ, ಗ್ರೈಪ್ ವಾಟರ್ ಇವೂ ಬೇಡ. ಅವರು ಪ್ರೀತಿಯಿಂದಲೇ ಹೇಳುತ್ತಾರೆ, ಅವರ ಜೊತೆ ಜಗಳ ಬೇಡ. ಮಗುವನ್ನು ಬೆಚ್ಚಗೆ ಇಡುವ ಕೆಲಸ, ಬಂದವರೆಲ್ಲ ಕೈ ತೊಳೆದೇ ಎತ್ತಿಕೊಳ್ಳುವ ಹಾಗೆ ನೋಡಿಕೊಳ್ಳುವ ಕೆಲಸ ಅವರಿಗೆ ಒಪ್ಪಿಸಿ. ಆಸ್ಪತ್ರೆಯ ಬ್ಯಾಕ್ಟೀರಿಯಾ ಮಗುವಿಗೆ ದಾಟುವುದು ಹೆಚ್ಚಾಗಿ ಕೈಗಳ ಮೂಲಕವೇ.

ನಿಮ್ಮ ದೊಡ್ಡ ಮಗಳ ನೆಗಡಿಗೂ ಸಿಸೇರಿಯನ್‌ಗೂ ಗಂಟು ಹಾಕಬೇಡಿ. ಅಂಗನವಾಡಿ, ಪ್ಲೇಹೋಮ್‌ಗೆ ಹೋಗಲು ಶುರು ಮಾಡಿದ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಮಾಮೂಲಿ, ಹೇಗೇ ಹುಟ್ಟಿರಲಿ. ಅವು ವೈರಸ್‌ಗಳು. ಪ್ರತಿ ಸಲ ಆ್ಯಂಟಿಬಯಾಟಿಕ್ ಸಿರಪ್ ಕುಡಿಸಿದರೆ ನೆಗಡಿ ಹೋಗುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾ ಹೋಗುತ್ತದೆ. ಹಳೆಯ ಚೀಟಿ ತೋರಿಸಿ ಸಿರಪ್ ತರುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಅವಳ ತೂಕ, ಎತ್ತರ ಸರಿಯಾಗಿ ಏರುತ್ತಿದೆಯಾ ಎಂದು ನೋಡಿಸಿ. ಏರುತ್ತಿದ್ದರೆ ನೆಮ್ಮದಿಯಾಗಿರಿ. ಪದೇ ಪದೇ ನ್ಯುಮೋನಿಯಾ, ಕಿವಿ ಸೋರುವುದು, ತೂಕ ನಿಂತುಬಿಡುವುದು ಇದ್ದರೆ ಮಾತ್ರ ತಪಾಸಣೆ ಬೇಕು.

ಈ ವಯಸ್ಸಿನ ಮಕ್ಕಳ ಕರುಳಿಗೆ ಡ್ರಾಪ್ಸ್‌ಗಿಂತ ಊಟ ಮುಖ್ಯ. ಬಾಂಗ್ಲಾದೇಶದ ಢಾಕಾದ ಮೀರ್‌ಪುರ ಕೊಳೆಗೇರಿಯಲ್ಲಿ ಅಲ್ಲಿನ ವಿಜ್ಞಾನಿ ತಹಮೀದ್ ಅಹ್ಮದ್ ಮತ್ತು ಅಮೆರಿಕದ ವಿಜ್ಞಾನಿ ಜೆಫ್ರಿ ಗಾರ್ಡನ್ ಅವರ ತಂಡಗಳು ಒಂದು ವರ್ಷದಿಂದ ಒಂದೂವರೆ ವರ್ಷದ 123 ಸೊರಗಿದ ಮಕ್ಕಳಿಗೆ ಮೂರು ತಿಂಗಳು ಆಹಾರ ಕೊಟ್ಟು ನೋಡಿದವು. ಒಂದು ಗುಂಪಿಗೆ ಮಾಮೂಲಿ ಪೌಷ್ಟಿಕ ಆಹಾರ. ಇನ್ನೊಂದಕ್ಕೆ ಕಡಲೆ, ಶೇಂಗಾ, ಸೋಯಾ ಹಿಟ್ಟುಗಳು ಮತ್ತು ಬಾಳೆಕಾಯಿ ಸೇರಿಸಿದ ಆಹಾರ. ಎರಡನೆಯದರಲ್ಲಿ ಕ್ಯಾಲೊರಿ ಕಡಿಮೆಯೇ ಇತ್ತು. ಆದರೂ ಆ ಮಕ್ಕಳೇ ಚೆನ್ನಾಗಿ ತೂಕ ಏರಿದರು, ಕರುಳಿನ ಬ್ಯಾಕ್ಟೀರಿಯಾಗಳೂ ಸುಧಾರಿಸಿದವು. 2021ರಲ್ಲಿ ಇದು ಹೊರಬಂತು. ನಿಮ್ಮ ಮಗಳು ಆ ಮಕ್ಕಳಂತೆ ಸೊರಗಿಲ್ಲದಿರಬಹುದು. ಆದರೂ ಮನೆಯಲ್ಲಿ ಬೇಯಿಸಿದ ಕಡಲೆ, ಪುಡಿ ಮಾಡಿದ ಶೇಂಗಾ, ಬಾಳೆಕಾಯಿ ಪಲ್ಯ, ಮೊಸರನ್ನ ಇರುವಾಗ ದುಬಾರಿ ಡಬ್ಬಿಯ ಹಿಂದೆ ಹೋಗುವುದೇಕೆ?

ಹುಟ್ಟಿದ ಮಗುವಿಗೆ ಆ್ಯಂಟಿಬಯಾಟಿಕ್ ಕೊಡುವುದರ ಬಗ್ಗೆ ಒಂದು ಹೊಸ ಸುಳಿವು ಇದೆ. ಆಸ್ಟ್ರೇಲಿಯಾದಲ್ಲಿ ಸಹಜವಾಗಿ ಹುಟ್ಟಿದ 191 ಮಕ್ಕಳನ್ನು ಗಮನಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಹುಟ್ಟಿದ ಮೊದಲ ವಾರಗಳಲ್ಲಿ ನೇರವಾಗಿ ಆ್ಯಂಟಿಬಯಾಟಿಕ್ ಪಡೆದ ಮಕ್ಕಳಲ್ಲಿ ಬೈಫಿಡೋಬ್ಯಾಕ್ಟೀರಿಯಂ ಕಡಿಮೆ ಇತ್ತು. ನ್ಯುಮೋನಿಯಾ ತಡೆಯಲು ಕೊಡುವ ನ್ಯುಮೋಕಾಕಲ್ ಲಸಿಕೆ ಹಾಕಿದಾಗ ರಕ್ತದಲ್ಲಿ ರಕ್ಷಣೆಯ ಪ್ರತಿಕಾಯಗಳೂ ಕಡಿಮೆ ಬಂದವು. ಹೆರಿಗೆ ಹೊತ್ತಿನಲ್ಲಿ ತಾಯಿಗೆ ಮಾತ್ರ ಕೊಟ್ಟಿದ್ದರೆ ಹಾಗಾಗಲಿಲ್ಲ. ಇದರಿಂದ ಲಸಿಕೆ ಬೇಡ ಎಂದಲ್ಲ, ಎಲ್ಲ ಲಸಿಕೆಯನ್ನೂ ಸಮಯಕ್ಕೆ ಹಾಕಿಸಿ. ‘ಯಾವುದಕ್ಕೂ ಇರಲಿ’ ಎಂದು ಶಿಶುವಿಗೆ ಆ್ಯಂಟಿಬಯಾಟಿಕ್ ಕೊಡುವ ಅಭ್ಯಾಸವನ್ನು ನಾವು ಡಾಕ್ಟರುಗಳು ಬಿಡಬೇಕು.

ಆದರೆ ನಿಜವಾದ ನಂಜು ಬಂದರೆ ಆ್ಯಂಟಿಬಯಾಟಿಕ್ಕೇ ಜೀವ ಉಳಿಸುವುದು. ಅಲ್ಲಿ ಬ್ಯಾಕ್ಟೀರಿಯಾದ ಚಿಂತೆ ಮಾಡುತ್ತ ಒಂದು ಗಂಟೆಯೂ ಕಳೆಯಬೇಡಿ. ಮೊದಲ ಎರಡು ತಿಂಗಳು ಇವುಗಳನ್ನು ನೋಡಿಕೊಳ್ಳಿ: ಚೆನ್ನಾಗಿ ಕುಡಿಯುತ್ತಿದ್ದ ಮಗು ಹಾಲು ಬಿಡುವುದು, ಮೈ ಸುಡುವುದು ಅಥವಾ ತಣ್ಣಗಾಗುವುದು, ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಜಾಸ್ತಿ ಉಸಿರು, ಉಸಿರಾಡುವಾಗ ಎದೆಯ ಕೆಳಭಾಗ ಒಳಗೆ ಸೆಳೆಯುವುದು, ಎಬ್ಬಿಸಿದರೂ ಅಲುಗಾಡದೆ ಮಂಕಾಗಿರುವುದು, ಫಿಟ್ಸ್, ಹೊಕ್ಕುಳ ಸುತ್ತ ಕೆಂಪಾಗಿ ಕೀವು, ಅಂಗೈ ಅಂಗಾಲುಗಳವರೆಗೆ ಹಳದಿ. ಒಂದೇ ಒಂದು ಕಂಡರೂ, ರಾತ್ರಿ ಎಷ್ಟೇ ಹೊತ್ತಾಗಿದ್ದರೂ, 108ಕ್ಕೆ ಫೋನ್ ಮಾಡಿ. ಮಗುವನ್ನು ಎದೆಗೆ ಅಂಟಿಸಿಕೊಂಡು ಬೆಚ್ಚಗೆ ಹೊದಿಸಿ, ಶಿಶುಗಳ ತುರ್ತು ಘಟಕ ಇರುವ ಆಸ್ಪತ್ರೆಗೇ ಕರೆದೊಯ್ಯಲು ಹೇಳಿ. ಆ ಆಸ್ಪತ್ರೆ ಯಾವುದು, ನಿಮ್ಮ ಮನೆಯಿಂದ ಎಷ್ಟು ದೂರ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಈ ತಿಂಗಳೇ ಕೇಳಿ, ತಾಯಿ ಕಾರ್ಡಿನ ಮೇಲೆ ಬರೆದಿಟ್ಟುಕೊಳ್ಳಿ.